ಸಂಬಳ ಜಾಸ್ತಿ ಆದ್ರೆ ನೆಮ್ಮದಿ ಅಲ್ವಾ ಸಿಸ್ಟರ್?

ಮದುವೆ ಊಟದ ಪಂಕ್ತಿಯಲ್ಲಿ, ಸೋಮವಾರಪೇಟೆ ಬಸ್ಸಿನಲ್ಲಿ, ಎಲ್ಲಿ ಸಿಕ್ಕಿದರೂ ಜನ ಕೇಳುವುದು ಇದನ್ನೇ. ಚಿಕ್ಕಮ್ಮ ಇನ್ನೂ ನೇರ. "ಗಲ್ಫಿಗೆ ಹೋಗಿದ್ರೆ ಇಷ್ಟೊತ್ತಿಗೆ ಮನೆ ಕಟ್ಟಿಸ್ತಿದ್ದೆ" ಅನ್ನುತ್ತಾರೆ.

ಸಂಬಳ ಬೇಡ ಅನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಕಡಿಮೆ ಕೊಟ್ಟರೆ ಸಿಟ್ಟು ಬಂದೇ ಬರುತ್ತದೆ. ಆದರೆ ನಾನು ಬಿಟ್ಟುಬಂದಿದ್ದು ಜಾಸ್ತಿ ಸಂಬಳ ಕೊಡುತ್ತಿದ್ದ ಆಸ್ಪತ್ರೆಯನ್ನು. ಹರ್ಜ್‌ಬರ್ಗ್ ಅನ್ನುವ ಮನಶ್ಶಾಸ್ತ್ರಜ್ಞರು 1959ರಲ್ಲೇ ಇದನ್ನು ಹೇಳಿದ್ದರು. ಸಂಬಳ ಸರಿಯಿಲ್ಲದಿದ್ದರೆ ಬೇಸರ, ಸರಿಯಿದ್ದರೆ ಆ ಬೇಸರ ಹೋಗುತ್ತದೆ, ಅಷ್ಟೇ. ಖುಷಿ ಸಿಗುವುದು ಮಾಡುವ ಕೆಲಸದಲ್ಲೇ, ಅದನ್ನು ಯಾರೋ ಗಮನಿಸಿದಾಗ. ಅವರು ಮಾತಾಡಿಸಿದ್ದು ಎಂಜಿನಿಯರ್, ಅಕೌಂಟೆಂಟ್‌ಗಳನ್ನು. ನಮ್ಮ ವಾರ್ಡಿಗೇನೂ ಬಂದಿರಲಿಲ್ಲ. ಆದರೂ ಮಾತು ಸುಳ್ಳಲ್ಲ.

ಆ ಆಸ್ಪತ್ರೆಯಲ್ಲಿ ಕೆಲಸ ಈಗಿನದಕ್ಕಿಂತ ಹಗುರವೇ ಇತ್ತು. ಡ್ಯೂಟಿ ಲಿಸ್ಟ್ ಮಾತ್ರ ರಾತ್ರೋರಾತ್ರಿ ಬದಲಾಗುತ್ತಿತ್ತು. ಪುತ್ತರಿಗೆ ಅಂತ ತಿಂಗಳ ಮುಂಚೆಯೇ ರಜೆ ಬರೆದುಕೊಟ್ಟಿದ್ದೆ. ಹಬ್ಬದ ಹಿಂದಿನ ದಿನ ನೋಡಿದರೆ ನನ್ನ ಹೆಸರು ನೈಟ್‌ನಲ್ಲಿ! ಕೇಳಿದ್ದಕ್ಕೆ "ಲಿಸ್ಟ್ ಹಾಕಿ ಆಯ್ತು" ಅಂದರು. ಊರಲ್ಲಿ ಎಲ್ಲರೂ ಗದ್ದೆಗಿಳಿದು ಕದಿರು ಕೊಯ್ಯುವ ಹೊತ್ತಿಗೆ ನಾನು ಬಿಪಿ ಬರೆಯುತ್ತಿದ್ದೆ. ನೈಟ್ ಮಾಡಿದ್ದಕ್ಕೆ ಬೇಜಾರಿಲ್ಲ, ಯಾರಾದರೂ ಮಾಡಲೇಬೇಕು. ಒಂದು ಮಾತು ಕೇಳಬಹುದಿತ್ತು. ಕೆಲಸ ಜಾಸ್ತಿ ಇದ್ದು, ಅದರ ಮೇಲೆ ನಮ್ಮ ಹಿಡಿತ ಏನೂ ಇಲ್ಲದ ಕಡೆ ಜನ ಹೆಚ್ಚು ಬಸವಳಿಯುತ್ತಾರೆ ಅಂತ ಕರಾಸೆಕ್ ಅನ್ನುವ ಸಂಶೋಧಕರು 1979ರಲ್ಲಿ ಬರೆದರು. ನನಗಂತೂ ಕೆಲಸ ಕಡಿಮೆ ಇದ್ದೂ ಸುಸ್ತಾಗುತ್ತಿತ್ತು.

ಆಗಲೇ ಒಂದು ಸಂಜೆ ವಾರ್ಡಿಗೆ ಫೋನ್ ಬಂತು. "ಅಮ್ಮ ಹೇಗಿದ್ದಾರೆ ಸಿಸ್ಟರ್?" ಅಂತ ಒಬ್ಬ ಮಗ ಕೇಳಿದ. "ಹನ್ನೊಂದನೇ ಬೆಡ್ಡಾ?" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವನು ಮೆಲ್ಲಗೆ ತಾಯಿಯ ಹೆಸರು ಹೇಳಿದ. ನಾಲ್ಕು ದಿನದಿಂದ ನಾನೇ ಅವರಿಗೆ ಗಂಜಿ ಕುಡಿಸುತ್ತಿದ್ದೆ. ಬರ್ನ್‌ಔಟ್, ಅಂದರೆ ಕೆಲಸದಲ್ಲಿ ಹೀಗೆ ಬಸವಳಿದು ಹೋಗುವುದನ್ನು ಅಳೆಯಲು ಮಾಸ್ಲಾಕ್ ಮತ್ತು ಜಾಕ್ಸನ್ ಅನ್ನುವ ಸಂಶೋಧಕರು 1981ರಲ್ಲಿ ಒಂದು ಪ್ರಶ್ನಾವಳಿ ಮಾಡಿದರು. ಅದು ಅಳೆಯುವುದು ಮೂರನ್ನು: ಮನಸ್ಸು ಬರಿದಾಗುವುದು, ನಾನು ಮಾಡಿದ್ದು ಏನೂ ಇಲ್ಲ ಅನ್ನಿಸುವುದು, ಜೊತೆಗೆ ಎದುರಿಗಿರುವವರು ಮನುಷ್ಯರಾಗಿ ಕಾಣದೇ ಇರುವುದು. ಈ ಮೂರನೆಯದನ್ನು ಓದಿದಾಗ ನನಗೆ ನೆನಪಾಗಿದ್ದು ಆ ಫೋನು. ಮುಂದಿನ ತಿಂಗಳು ರಾಜೀನಾಮೆ ಕೊಟ್ಟೆ.

ಈಗಿರುವ ಕಡೆ ಕೆಲಸಕ್ಕೆ ಬಿಡುವೇ ಇಲ್ಲ. ಮಳೆಗಾಲದಲ್ಲಂತೂ ಕೇಳಲೇಬೇಡಿ. ಕಳೆದ ಜುಲೈಯಲ್ಲಿ ಒಂದು ರಾತ್ರಿ ತೋಟದ ಲೈನ್‌ಮನೆಯಿಂದ ಹಾವು ಕಚ್ಚಿದ ಹುಡುಗನನ್ನು ಕರೆತಂದರು. ಅಸ್ಸಾಂ ಕಡೆಯವನು, ನಮ್ಮ ಭಾಷೆ ಬಾರದು, ಕೈ ಬಿಡಲೊಲ್ಲ. ಇಂಥ ಕೇಸಲ್ಲಿ ರಕ್ತ ತೆಗೆದು 20 ನಿಮಿಷ ಅಲುಗಾಡಿಸದೆ ಇಟ್ಟು, ಹೆಪ್ಪುಗಟ್ಟಿದೆಯಾ ಅಂತ ನೋಡುತ್ತೇವೆ. ಗಟ್ಟದಿದ್ದರೆ ವಿಷ ರಕ್ತಕ್ಕೆ ಏರಿದೆ ಅಂತ, ಪ್ರತಿವಿಷದ ಔಷಧ ಕೊಡಬೇಕು. ಹೊಸದಾಗಿ ಬಂದ ಡಾಕ್ಟರ್ ಪ್ಲಾಸ್ಟಿಕ್ ಟ್ಯೂಬಿಗೆ ಕೈ ಹಾಕಿದರು.

"ಡಾಕ್ಟ್ರೇ, ಇದಕ್ಕೆ ಗಾಜಿನದೇ ಬೇಕು. ಪ್ಲಾಸ್ಟಿಕ್‌ನಲ್ಲಿ ಸರಿಯಾಗಿ ಹೆಪ್ಪುಗಟ್ಟಲ್ಲ" ಅಂದೆ.

ಹೇಳಿದ ಮೇಲೆ ಎದೆ ಹೊಡೆದುಕೊಂಡಿತು. ಹಳೇ ಅಭ್ಯಾಸ. ಅವರು ಟ್ಯೂಬ್ ಕೆಳಗಿಟ್ಟು, "ಗಾಜಿನದು ಎಲ್ಲಿದೆ ಸಿಸ್ಟರ್?" ಅಂದರು.

ಕರೆಂಟ್ ಬೇರೆ ಹೋಗಿತ್ತು. 20 ನಿಮಿಷ ಆದ ಮೇಲೆ ಮೊಬೈಲ್ ಬೆಳಕಲ್ಲಿ ಇಬ್ಬರೂ ತಲೆ ಬಗ್ಗಿಸಿ, ಟ್ಯೂಬನ್ನು ಓರೆ ಮಾಡಿದೆವು. ರಕ್ತ ಮೊಸರಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಪ್ಲಾಸ್ಟಿಕ್ ಆಗಿದ್ದರೆ ನೀರಾಗೇ ಉಳಿದು, ಬೇಡದ ಔಷಧ ಹೋಗಿಬಿಡುತ್ತಿತ್ತೇನೋ. ಅದರಿಂದ ಅಲರ್ಜಿ ಆಗುವ ಭಯವೂ ಇದೆ. ರಾತ್ರಿಯೆಲ್ಲ ಕಾವಲು ಕೂತು ಮತ್ತೆ ಮತ್ತೆ ಪರೀಕ್ಷೆ ಮಾಡಿದೆವು. ಬೆಳಿಗ್ಗೆ ರೌಂಡ್ಸಿನಲ್ಲಿ ಅದೇ ಡಾಕ್ಟರ್ ದೊಡ್ಡ ಡಾಕ್ಟರಿಗೆ, "ಗಾಜಿನ ಟ್ಯೂಬ್ ವಿಷಯ ಸಿಸ್ಟರ್ ಹೇಳಿದ್ದು ಸರ್" ಅಂದರು.

ಮನೆಗೆ ಬಂದು ಮಲಗಿದರೆ ನಿದ್ದೆ ಇಲ್ಲ. ಚಿಕ್ಕಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಅದಕ್ಕೆ ಎಕ್ಸ್‌ಟ್ರಾ ದುಡ್ಡೇನಾದ್ರೂ ಕೊಟ್ರಾ?"