ಸೆಲ್ಪಿಪ್ ಸ್ಪೀಕಿಂಗ್ ತಯಾರಿ: ಆರನೇ ಟಾಸ್ಕ್‌ನಲ್ಲಿ ನಯವಾಗಿ ‘ಆಗಲ್ಲ’ ಅನ್ನುವುದು

ಈ ವಾರ ಬೇರೆಲ್ಲ ಬದಿಗಿಟ್ಟು ಆರನೇ ಟಾಸ್ಕ್ ಹಿಡಿದುಕೊಂಡೆ. ಕೆನಡಾ ಪಿಆರ್‌ಗೆ (ಅಲ್ಲಿನ ಕಾಯಂ ನಿವಾಸಕ್ಕೆ) ಸೆಲ್ಪಿಪ್ ಜನರಲ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯುವವರಿಗೆ ಇದು ಗೊತ್ತೇ ಇರುತ್ತದೆ. ಸ್ಪೀಕಿಂಗ್ ಭಾಗದಲ್ಲಿ 8 ಟಾಸ್ಕ್, ಆರನೆಯದು ‘ಡೀಲಿಂಗ್ ವಿತ್ ಎ ಡಿಫಿಕಲ್ಟ್ ಸಿಚುಯೇಶನ್’. ಒಂದು ಇಕ್ಕಟ್ಟಿನ ಸಂದರ್ಭ, ಎರಡು ಆಯ್ಕೆ. ಒಂದನ್ನು ಆರಿಸಿಕೊಂಡು ಆ ವ್ಯಕ್ತಿ ಎದುರಿಗೇ ಇದ್ದಾರೆ ಅಂದುಕೊಂಡು ಮಾತಾಡಬೇಕು. ಯೋಚಿಸಲು 60 ಸೆಕೆಂಡು, ಮಾತಿಗೆ 60 ಸೆಕೆಂಡು. ಹೆಚ್ಚಿನ ಟಾಸ್ಕ್‌ಗಳಲ್ಲಿ ಯೋಚಿಸಲು ಸಿಗುವುದು 30 ಸೆಕೆಂಡು ಮಾತ್ರ. ಇಲ್ಲಿ ಅದರ ಎರಡರಷ್ಟು ಕೊಟ್ಟಿದ್ದಾರೆ.

ಈ ಟಾಸ್ಕ್‌ನಲ್ಲಿ ಯಾರಿಗೋ ‘ಆಗಲ್ಲ’ ಅನ್ನಬೇಕಾದ ಪ್ರಶ್ನೆ ಬಂದೇ ಬರಬಹುದು ಅಂತ ತಯಾರಾಗುವುದು ಒಳ್ಳೆಯದು. ಮೌಲ್ಯಮಾಪಕರು ನೋಡುವ ನಾಲ್ಕು ವಿಷಯಗಳಲ್ಲಿ ‘ಟಾಸ್ಕ್ ಫುಲ್‌ಫಿಲ್‌ಮೆಂಟ್’, ಅಂದರೆ ಕೇಳಿದ ಕೆಲಸವನ್ನು ಎಷ್ಟು ಸರಿಯಾಗಿ ಪೂರೈಸಿದ್ದೀರಿ ಅನ್ನುವುದು, ಒಂದು. ಮಾತಿನ ಧಾಟಿ ಲೆಕ್ಕಕ್ಕೆ ಬರುವುದು ಅದರಲ್ಲೇ. ವ್ಯಾಕರಣ ಸರಿಯಿದ್ದರೂ ಗೆಳೆಯನಿಗೆ ಒರಟಾಗಿ ಇಲ್ಲ ಅಂದರೆ ಕೆಲಸ ಅರ್ಧಕ್ಕೆ ನಿಂತಂತೆ.

ಅಭ್ಯಾಸಕ್ಕೆ ನಾನೇ ಒಂದು ಪ್ರಶ್ನೆ ಬರೆದುಕೊಂಡೆ. ಸಹೋದ್ಯೋಗಿ ವಾರಾಂತ್ಯಕ್ಕೆ ನಿಮ್ಮ ಕಾರು ಕೇಳಿದ್ದಾನೆ. ಅದೇ ದಿನ ಅಕ್ಕನನ್ನು ಏರ್‌ಪೋರ್ಟ್‌ನಿಂದ ಕರೆತರುತ್ತೇನೆ ಅಂತ ನೀವು ಮಾತು ಕೊಟ್ಟಿದ್ದೀರಿ. ಒಂದೋ ಅವನಿಗೆ ಕಾರು ಕೊಡಲಾಗದು ಅನ್ನಬೇಕು, ಇಲ್ಲವೇ ಅಕ್ಕನಿಗೆ ಬರಲಾಗದು ಅನ್ನಬೇಕು. ಯಾವುದು ಸುಲಭ ಅಂತ ನೋಡುವ ಬದಲು, ‘ಇಲ್ಲ’ ಅಂದಮೇಲೆ ಯಾರಿಗೆ ಬೇರೆ ದಾರಿ ತೋರಿಸಬಹುದು ಅಂತ ನೋಡಿದರೆ ಆಯ್ಕೆ ತಾನಾಗೇ ಆಗುತ್ತದೆ. ಸಹೋದ್ಯೋಗಿಗಾದರೆ ಹೇಳಲು ಬೇಕಾದಷ್ಟಿದೆ: ಬಾಡಿಗೆ ಕಾರು ಹುಡುಕಿಕೊಡುತ್ತೇನೆ, ಮುಂದಿನ ವಾರ ತಗೊಂಡು ಹೋಗು, ಬೆಳಿಗ್ಗೆ ಬೇಗ ಹೊರಡುವುದಾದರೆ ನಾನೇ ಬಿಟ್ಟು ಬರುತ್ತೇನೆ. ಈ ವಾರ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇದೇ. ಯಾಕೆಂದರೆ ನಿರಾಕರಣೆ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಉಳಿದ ಸಮಯ ತುಂಬುವುದು ಪರಿಹಾರವೇ.

ಈಗ ನನ್ನ ಶುರು ಹೀಗಿದೆ: “ಹೇ, ಐ ನೋ ದಿಸ್ ಟ್ರಿಪ್ ಮೀನ್ಸ್ ಎ ಲಾಟ್ ಟು ಯು. ಐ ರಿಯಲಿ ವಿಶ್ ಐ ಕುಡ್ ಲೆಂಡ್ ಯು ದ ಕಾರ್, ಬಟ್ ಐ’ಮ್ ಅಫ್ರೇಡ್ ಐ ವೋಂಟ್ ಬಿ ಏಬಲ್ ಟು.” ಮೊದಲ ವಾಕ್ಯ ಅವನ ಬಗ್ಗೆ, ನನ್ನ ಬಗ್ಗೆ ಅಲ್ಲ. ಎರಡನೆಯದು ಮುಗಿಯುವಷ್ಟರಲ್ಲಿ ಉತ್ತರ ಸ್ಪಷ್ಟವಾಗಿರುತ್ತದೆ. ‘ಐ’ಲ್ ಟ್ರೈ’, ‘ಮೇಬಿ’ ಅಂತ ಹಾರಿಕೆ ಉತ್ತರ ಕೊಟ್ಟರೆ ಅದು ನಯ ಅನಿಸುವುದಿಲ್ಲ, ಕೇಳುವವನು ಸುಮ್ನೆ ಕಾಯುತ್ತಾ ಕೂರಬೇಕಾಗುತ್ತದೆ ಅಷ್ಟೇ.

ರೆಕಾರ್ಡ್ ಮಾಡಿ ಕೇಳಿದಾಗ ಗಮನಕ್ಕೆ ಬಂದಿದ್ದು ದನಿಯ ಏರಿಳಿತ. ‘ವಿಶ್’ ಮೇಲೆ ಒತ್ತು ಕೊಟ್ಟು, ‘ಬಟ್’ ಅನ್ನು ಮೆಲ್ಲಗೆ ದಾಟಿಸಿದರೆ ಅದೇ ವಾಕ್ಯ ಆಪ್ತವಾಗಿ ಕೇಳುತ್ತದೆ. ‘ಬಟ್’ ಮೇಲೆ ಒತ್ತು ಬಿದ್ದರೆ ಬಾಗಿಲು ಹಾಕಿದ ಹಾಗಿರುತ್ತದೆ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ ನೋಡಿ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

‘ಸಾರಿ’ ಒಂದೇ ಸಲ ಸಾಕು ಅಂತ ನಿರ್ಧರಿಸಿದ್ದೇನೆ. ಅದನ್ನೇ ಮತ್ತೆ ಮತ್ತೆ ಹೇಳಿದರೆ ಸಮಯವೂ ಹೋಗುತ್ತದೆ, ಪದಗಳ ವೈವಿಧ್ಯವೂ ಕಾಣುವುದಿಲ್ಲ. ಕಾರಣವೂ ಒಂದೇ. ಆದರೆ ಅದನ್ನು ವಿವರವಾಗಿ ಹೇಳಬೇಕು: ಅಕ್ಕನ ವಿಮಾನ ಎಷ್ಟು ಹೊತ್ತಿಗೆ, ಅವಳ ಜೊತೆ ಎಷ್ಟು ಲಗೇಜು, ನಾನು ಯಾವಾಗ ಮಾತು ಕೊಟ್ಟೆ. ಮೂರು ಸಡಿಲ ಕಾರಣಕ್ಕಿಂತ ಒಂದು ಗಟ್ಟಿ ಕಾರಣವನ್ನು ನಂಬುವುದು ಸುಲಭ, ಅಲ್ವಾ?

ಪರೀಕ್ಷೆಯಲ್ಲಿ ಎದುರಿಗೆ ಇರುವುದು ಕಂಪ್ಯೂಟರ್. ನಡುವೆ ಯಾರೂ ‘ಹೌದಾ?’ ಅನ್ನುವುದಿಲ್ಲ. ಹಾಗಾಗಿ ಅವನ ಮಾತನ್ನೂ ನಾನೇ ಊಹಿಸಿ ಉತ್ತರಿಸುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೇನೆ: “ಯು’ರ್ ಪ್ರಾಬಬ್ಲಿ ವರೀಡ್ ಅಬೌಟ್ ದ ಕಾಸ್ಟ್ ಆಫ್ ಎ ರೆಂಟಲ್. ವೆಲ್, ಐ’ಡ್ ಬಿ ಹ್ಯಾಪಿ ಟು ಸ್ಪ್ಲಿಟ್ ಇಟ್ ವಿತ್ ಯು.” ಈ ಒಂದು ಸಾಲು ಬಂದರೆ ಒಬ್ಬರೇ ಒಪ್ಪಿಸಿದ ಪಾಠ ಹೋಗಿ ಸಂಭಾಷಣೆ ಆಗುತ್ತದೆ. ನನಗೆ ಇದು ತುಂಬಾ ಇಷ್ಟವಾಯಿತು.

ಯೋಚಿಸುವ 60 ಸೆಕೆಂಡಿನಲ್ಲಿ ವಾಕ್ಯ ಬರೆಯಲು ಹೋಗುತ್ತಿಲ್ಲ. ಹಾಳೆಯ ಮೇಲೆ ನಾಲ್ಕೈದು ಪದ ಸಾಕು: ಟ್ರಿಪ್, ಅಕ್ಕ, ರೆಂಟಲ್, ಅರ್ಧ ಹಣ, ಮುಂದಿನ ವಾರ.

ನನ್ನ ಗುರಿ ಸಿಎಲ್‌ಬಿ (ಕೆನಡಾದ ಭಾಷಾ ಮಟ್ಟದ ಅಳತೆ) 9. ನುರಿತ ಕೆಲಸಗಾರರಿಗಾಗಿ ಇರುವ ಫೆಡರಲ್ ಸ್ಕಿಲ್ಡ್ ವರ್ಕರ್ ದಾರಿಗೆ ಕನಿಷ್ಠ ಬೇಕಿರುವುದು 7, ಆದರೆ 9 ಬಂದರೆ ಪಿಆರ್ ಅರ್ಜಿದಾರರನ್ನು ಅಂಕಗಳ ಮೇಲೆ ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅಂಕ ಚೆನ್ನಾಗಿ ಏರುತ್ತದೆ.

ಮುಂದಿನ ವಾರ ಮ್ಯಾನೇಜರ್‌ಗೆ ಇಲ್ಲ ಅನ್ನುವ ಪ್ರಶ್ನೆಗಳು. ಅಲ್ಲಿ ‘ಹೇ’ ನಡೆಯುವುದಿಲ್ಲ. “ಥ್ಯಾಂಕ್ ಯು ಫಾರ್ ಥಿಂಕಿಂಗ್ ಆಫ್ ಮಿ” ಇಂದ ಶುರು ಮಾಡಿ, ಹೆಚ್ಚುವರಿ ಶಿಫ್ಟ್ ಬೇಡ ಅನ್ನುವುದನ್ನು ಮೊದಲು ರೆಕಾರ್ಡ್ ಮಾಡುತ್ತೇನೆ. ಕೊನೆಯ ಪರಿಹಾರದ ಸಾಲು ಟೈಮರ್ ಮುಗಿಯುವ ಮೊದಲೇ ಬರಬೇಕು. ಸದ್ಯಕ್ಕೆ ಅದಕ್ಕಾಗಿ ಕಾರಣದ ಭಾಗವನ್ನು ಇನ್ನೂ ಒಂದು ವಾಕ್ಯ ಕತ್ತರಿಸುತ್ತಿದ್ದೇನೆ.