ಕಾಂಪೌಂಡರ್ ಕೆಲಸ ಇನ್ನೂ ಮುಗಿದಿಲ್ಲ

ಚಿಕ್ಕವನಿದ್ದಾಗ ಜ್ವರ ಬಂದರೆ ಮನೆಯಿಂದಲೇ ಖಾಲಿ ಸೀಸೆ ತೊಳೆದು ತಗೊಂಡು ಹೋಗಬೇಕಿತ್ತು. ಕಾಂಪೌಂಡರ್ ಅದಕ್ಕೆ ಕೆಂಪು ಮಿಕ್ಸ್ಚರ್ ತುಂಬಿ, ಪಕ್ಕದಲ್ಲಿ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದ ಅಂಟಿಸಿ ಕೊಡುತ್ತಿದ್ದರು. ಒಂದು ಹಲ್ಲು ಅಂದ್ರೆ ಒಂದು ಹೊತ್ತಿನ ಔಷಧಿ. ಆಮೇಲೆ ಬಿ.ಫಾರ್ಮ ಓದುವಾಗ ನಾನೂ ಲ್ಯಾಬಿನಲ್ಲಿ ಪುಡಿ ಅರೆದೆ, ತೂಗಿದೆ, ಪರೀಕ್ಷೆ ಮುಗಿದ ಮೇಲೆ ಮರೆತೂಬಿಟ್ಟೆ. ಎಲ್ಲ ಸ್ಟ್ರಿಪ್‌ನಲ್ಲೇ ಬರುವಾಗ ಇದೆಲ್ಲ ಯಾರಿಗೆ ಬೇಕು ಅಲ್ವಾ?

ಸಿಟಿಎಕ್ಸ್ ಅನ್ನೋ ಕಾಯಿಲೆ ಇರುವವರಿಗೆ ಬೇಕು. ಪೂರ್ತಿ ಹೆಸರು ಸೆರೆಬ್ರೊಟೆಂಡಿನಸ್ ಕ್ಸಾಂಥೊಮಟೋಸಿಸ್, ಒಂದೇ ಉಸಿರಿಗೆ ಹೇಳೋಕಾಗಲ್ಲ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಬರುತ್ತದೆ, ಹಾಗಾಗಿ ಸೋದರಮಾವನಿಗೇ ಹೆಣ್ಣು ಕೊಡುವ ನಮ್ಮ ಕಡೆಯವರು ಸ್ವಲ್ಪ ಗಮನ ಕೊಡಬೇಕಾದ ವಿಷಯ. ಪಿತ್ತರಸ ತಯಾರಿಸುವ ಒಂದು ಎಂಜೈಮ್ ಕೆಲಸ ಮಾಡುವುದಿಲ್ಲ. ಕೊಲೆಸ್ಟನಾಲ್ ಅನ್ನುವ ಕೊಬ್ಬು ಮೆದುಳಿನಲ್ಲಿ, ಕಣ್ಣಿನಲ್ಲಿ, ಹಿಮ್ಮಡಿಯ ಹಿಂದೆ ಸುಮ್ನೆ ಸೇರಿಕೊಳ್ಳುತ್ತಾ ಹೋಗುತ್ತದೆ. ಮಗುವಿಗೆ ಬಿಡದ ಭೇದಿ, ಚಿಕ್ಕ ವಯಸ್ಸಿಗೇ ಕಣ್ಣಿನ ಪೊರೆ, ದೊಡ್ಡವರಾದಂತೆ ನಡಿಗೆ ತಪ್ಪುವುದು.

ಔಷಧಿ ಇದೆ, ಹೊಸದೂ ಅಲ್ಲ. ಸಿಡಿಸಿಎ ಅಂತ, ಪೂರ್ತಿ ಹೆಸರು ಕೀನೊಡಿಆಕ್ಸಿಕೋಲಿಕ್ ಆಸಿಡ್, ದೇಹದಲ್ಲಿ ಕಮ್ಮಿಯಾದ ಅದೇ ಪಿತ್ತದ ಆಮ್ಲ. ಮೊದಲು ಸಿಕ್ಕಿದ್ದು ಹೆಬ್ಬಾತಿನ ಪಿತ್ತದಲ್ಲಿ, ಹೆಸರಿನಲ್ಲಿರುವ ಕೀನೊ ಅಂದರೂ ಗ್ರೀಕ್‌ನಲ್ಲಿ ಹೆಬ್ಬಾತೇ. 1970ರ ದಶಕದಿಂದ ಪಿತ್ತಕೋಶದ ಕಲ್ಲು ಕರಗಿಸಲು ಕೊಡುತ್ತಿದ್ದರು. ನೆದರ್ಲೆಂಡ್ಸ್‌ನಲ್ಲಿ 2008ರಲ್ಲಿ ಒಂದು ಡಬ್ಬಕ್ಕೆ 46 ಯೂರೋ. ಲೀಡಿಯಂಟ್ ಅನ್ನುವ ಕಂಪನಿ ಅದನ್ನೇ ಅಪರೂಪದ ಕಾಯಿಲೆಯ ಔಷಧಿ ಅಂತ ನೋಂದಾಯಿಸಿಕೊಂಡಿತು. 2017ರಲ್ಲಿ ಡಬ್ಬಕ್ಕೆ 14,000 ಯೂರೋ! ಒಬ್ಬ ರೋಗಿಗೆ ವರ್ಷಕ್ಕೆ ಒಂದೂವರೆ ಲಕ್ಷ ಯೂರೋಗಿಂತ ಜಾಸ್ತಿ.

ಆಮ್‌ಸ್ಟರ್‌ಡ್ಯಾಂನ ದೊಡ್ಡ ಆಸ್ಪತ್ರೆ ಎಎಂಸಿ 2018ರಲ್ಲಿ ಏನು ಮಾಡಿತು ಗೊತ್ತಾ? ಕಾಂಪೌಂಡರ್ ಮಾಡುತ್ತಿದ್ದುದನ್ನೇ. ಪುಡಿ ತರಿಸಿ, ತೂಗಿ, ತನ್ನ ಫಾರ್ಮಸಿಯಲ್ಲೇ ಕ್ಯಾಪ್ಸೂಲ್ ತುಂಬಿತು. ತಮ್ಮ ರೋಗಿಗಳಿಗೆ ಡಾಕ್ಟರ ಚೀಟಿ ನೋಡಿ ಫಾರ್ಮಸಿಸ್ಟ್‌ಗಳು ಹೀಗೆ ಸಣ್ಣ ಪ್ರಮಾಣದಲ್ಲಿ ಔಷಧಿ ಮಾಡಿಕೊಡಲು ಅಲ್ಲಿನ ಕಾನೂನು ಬಿಡುತ್ತದೆ.

ಕೆಲವೇ ತಿಂಗಳಲ್ಲಿ ಅದು ನಿಂತೂ ಹೋಯಿತು. ಕಂಪನಿ ದೂರು ಕೊಟ್ಟಿತು, ಇನ್‌ಸ್ಪೆಕ್ಟರ್‌ಗಳು ಬಂದರು, ಪುಡಿಯಲ್ಲಿ ಇರಬಾರದ ಕಲ್ಮಶ ಸಿಕ್ಕಿತು. ಕಂಪನಿಯ ಉದ್ದೇಶ ಏನೇ ಇರಲಿ, ನಿಲ್ಲಿಸಿದ್ದು ಸರಿ ಅಂತಲೇ ನನಗನ್ನಿಸುತ್ತದೆ. ಕ್ಯಾಪ್ಸೂಲ್ ತುಂಬುವುದು ಏನು ಮಹಾ, ನಾವೂ ತುಂಬಿದ್ದೇವೆ. ಕಷ್ಟ ಇರುವುದು ಡಬ್ಬದಲ್ಲಿ ಬಂದ ಬಿಳಿ ಪುಡಿ ನಿಜವಾಗಿ ಏನು, ಎಷ್ಟು ಶುದ್ಧ ಅಂತ ಪ್ರತಿ ಸಲ ಪರೀಕ್ಷೆ ಮಾಡಿ ತೋರಿಸುವುದರಲ್ಲಿ. ಈ ಔಷಧಿಯನ್ನು ಜೀವನಪೂರ್ತಿ ದಿನಾ ನುಂಗಬೇಕು, ಒಂದು ವಾರದ ಕೆಮ್ಮಿನ ಸಿರಪ್ ಅಲ್ಲ. ಅಗ್ಗಕ್ಕೆ ಸಿಗುತ್ತದೆ ಅಂತ ಆನ್‌ಲೈನಲ್ಲಿ ಪುಡಿ ತರಿಸುವ ಯೋಚನೆ ಯಾರಿಗಾದರೂ ಬಂದಿದ್ದರೆ ದಯವಿಟ್ಟು ಬೇಡ.

ಆಸ್ಪತ್ರೆ ಪಟ್ಟು ಬಿಡಲಿಲ್ಲ, 2020ರ ಜನವರಿಯಲ್ಲಿ ಮತ್ತೆ ಶುರು ಮಾಡಿತು. ಮುಂದಿನ ವರ್ಷ ಅಲ್ಲಿನ ಸ್ಪರ್ಧಾ ಪ್ರಾಧಿಕಾರ, ಅತಿಯಾದ ಬೆಲೆ ಇಟ್ಟಿದ್ದಕ್ಕೆ ಆ ಕಂಪನಿಗೆ ಸುಮಾರು 1.95 ಕೋಟಿ ಯೂರೋ ದಂಡ ಹಾಕಿತು. ಓದಿ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.