ಹದಿನೆಂಟು ಹಸುಗಳ ಊರಿನಿಂದ ಬಿಲಈನ್ ಬೇಲಿಯವರೆಗೆ

ಯೆರೂಸಲೇಮಿನ ಡಮಾಸ್ಕಸ್ ಗೇಟ್ ಬಳಿಯ ನಿಲ್ದಾಣದಿಂದ 231 ನಂಬರಿನ ಬಸ್ಸು ಬೆಥ್ಲೆಹೆಮಿಗೆ ಹೋಗುತ್ತದೆ. ಹೆಚ್ಚಿನ ಪ್ರವಾಸಿಗರು ಯೇಸು ಹುಟ್ಟಿದ ಚರ್ಚು ನೋಡಿ ವಾಪಸಾಗುತ್ತಾರೆ. ಚರ್ಚಿನ ಚೌಕದಿಂದ ಪೂರ್ವಕ್ಕೆ ಇಳಿಜಾರಿನಲ್ಲಿ ಅರ್ಧ ತಾಸು ನಡೆದರೆ ಬೇತ್ ಸಾಹೂರ್. ಇಂತಿಫಾದಾ, ಅಂದರೆ ಇಸ್ರೇಲಿ ಆಕ್ರಮಣದ ವಿರುದ್ಧ ಪ್ಯಾಲೆಸ್ತೀನಿಯರ ದಂಗೆ, ಬರೀ ಕಲ್ಲುತೂರಾಟ ಎಂದುಕೊಂಡವರು ಮೊದಲು ನೋಡಬೇಕಾದ ಊರು.

1987ರ ಡಿಸೆಂಬರಿನಲ್ಲಿ ಗಾಜಾದ ಜಬಾಲಿಯಾ ಶಿಬಿರದಲ್ಲಿ ಹೊತ್ತಿದ ದಂಗೆ ಕೆಲವೇ ದಿನಗಳಲ್ಲಿ ಬೇತ್ ಸಾಹೂರ್ ಇರುವ ಪಶ್ಚಿಮ ದಂಡೆಗೂ ಹಬ್ಬಿತು. ಮುಂದಿನ ತಿಂಗಳಿಂದ ಭೂಗತ ಜಂಟಿ ನಾಯಕತ್ವ ನಂಬರು ಹಾಕಿದ ಕರಪತ್ರಗಳನ್ನು, ಅಂದರೆ 'ಬಯಾನ್'ಗಳನ್ನು ಹೊರಡಿಸತೊಡಗಿತು. ಅಂಗಡಿ ತೆರೆಯುವುದು ಬೆಳಿಗ್ಗೆ ಕೆಲವೇ ಗಂಟೆ. ಮುಷ್ಕರಕ್ಕೆ ಮುಚ್ಚಿದ ಅಂಗಡಿಗಳ ಬೀಗವನ್ನು ಸೈನಿಕರು ಒಡೆದರೆ, ಊರಿನ ಕಮ್ಮಾರರು ರಿಪೇರಿ ಮಾಡಿಕೊಡುತ್ತಿದ್ದರು. ಶಾಲೆಗಳಿಗೆ ಬೀಗ ಬಿದ್ದಾಗ ಓಣಿ ಸಮಿತಿಗಳು ಮನೆಗಳಲ್ಲೇ ಪಾಠ ನಡೆಸಿದವು. 1988ರ ಆಗಸ್ಟಿನಲ್ಲಿ ಈ ಸಮಿತಿಗಳನ್ನೇ ನಿಷೇಧಿಸಲಾಯಿತು. ಸದಸ್ಯರಾದರೆ 10 ವರ್ಷದವರೆಗೆ ಜೈಲು. ಮಗ್ಗಿ ಕಲಿಸುವುದೂ ಅಪರಾಧದ ಸಾಲಿಗೆ ಸೇರಿತು!

ಬೇತ್ ಸಾಹೂರಿನವರು ಹೊಟ್ಟೆಯ ಪ್ರಶ್ನೆಯನ್ನು ಮೊದಲು ಹಿಡಿದರು. ಬೆಥ್ಲೆಹೆಮ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾದ್ ಇಸ್ಹಾಕ್ ಮತ್ತು ಗೆಳೆಯರು ಬೀಜ, ಸಸಿ, ಕೋಳಿಮರಿ ಒದಗಿಸುವ ಅಂಗಡಿ ತೆರೆದು ಹಿತ್ತಲು ಬೇಸಾಯ ಹಬ್ಬಿಸಿದರು. ಕರ್ಫ್ಯೂ ಬಿದ್ದರೂ ಒಲೆ ಉರಿಯಬೇಕು, ಅಷ್ಟೇ ಲೆಕ್ಕ. ಇಸ್ಹಾಕ್ ಅದಕ್ಕೇ ಬಂಧನಕ್ಕೊಳಗಾಗಿ ತಿಂಗಳುಗಟ್ಟಲೆ ನೆಗೆವ್ ಮರುಭೂಮಿಯ ಸೆರೆಶಿಬಿರದಲ್ಲಿದ್ದರು. ಇಸ್ರೇಲಿ ಹಾಲು ಬಿಡಬೇಕೆಂದು ಊರಿನವರು 18 ಹಸು ಕೊಂಡರು. ತಮಾಷೆಯೆಂದರೆ, ಅವನ್ನು ಮಾರಿದ್ದೂ ಒಂದು ಇಸ್ರೇಲಿ ಕಿಬ್ಬುತ್ಸೇ, ಅಂದರೆ ಸಾಮೂಹಿಕ ಬೇಸಾಯದ ಊರೇ. ಸೇನೆ ಆ ಮಂದೆಯನ್ನು ದೇಶದ ಭದ್ರತೆಗೆ ಅಪಾಯವೆಂದು ಘೋಷಿಸಿ ಹುಡುಕಲು ಹೊರಟಿತು. ಊರಿನವರು ಹಸುಗಳನ್ನು ಜಾಗದಿಂದ ಜಾಗಕ್ಕೆ ಅಡಗಿಸಿದರು.

ಆಮೇಲೆ ತೆರಿಗೆ. ಭೂಕಂದಾಯ ಕಟ್ಟದ ಅಂಕೋಲಾ, ಸಿದ್ದಾಪುರದ ರೈತರ ಹೊಲಮನೆ ಜಪ್ತಿಯಾದದ್ದು ನಮಗೆ ಗೊತ್ತೇ ಇದೆ. ಇಲ್ಲಿ ನಿರಾಕರಿಸಿದ್ದು ಮುಖ್ಯವಾಗಿ ವ್ಯಾಟ್ ಮತ್ತು ಆದಾಯ ತೆರಿಗೆ. ವ್ಯಾಟ್ 1967ರ ಇಸ್ರೇಲಿ ಆಕ್ರಮಣದ ಮೊದಲು ಇರಲೇ ಇಲ್ಲ. ಆಕ್ರಮಿತ ನೆಲದಲ್ಲಿ ವಸೂಲಿ ಮಾಡಿದ ತೆರಿಗೆ ಆ ನೆಲದ ಆಡಳಿತಕ್ಕೇ ಖರ್ಚಾಗಬೇಕೆಂದು 1907ರ ಹೇಗ್ ನಿಯಮಾವಳಿಯ 48ನೇ ವಿಧಿ ಹೇಳುತ್ತದೆ. ಊರಿನವರ ವಾದ ನಿಂತದ್ದು ಇದರ ಮೇಲೆ. 1988ರ ಜುಲೈಯಲ್ಲಿ ನೂರಾರು ಜನ ಇಸ್ರೇಲಿ ಆಡಳಿತ ಕೊಟ್ಟ ಗುರುತಿನ ಚೀಟಿಗಳನ್ನೂ ಪುರಸಭೆಗೆ ತಂದು ಸುರಿದರು.

ತೊಡಕು ಎಲ್ಲಿತ್ತೆಂದರೆ, ಡ್ರೈವಿಂಗ್ ಲೈಸೆನ್ಸಿನಿಂದ ಹಿಡಿದು ಪ್ರಯಾಣದ ಪರವಾನಗಿವರೆಗೆ ಎಲ್ಲಕ್ಕೂ ತೆರಿಗೆ ಕಟ್ಟಿದ ಚೀಟಿ ಬೇಕಿತ್ತು. ಬೇರೆ ಊರುಗಳು ಇದರಡಿ ಬೇಗ ಬಗ್ಗಿದವು. ಒಂಟಿಯಾಗಿ ನಿಂತ ಊರನ್ನು ಸುತ್ತುವರಿಯುವುದು ಸುಲಭ. 1989ರ ಸೆಪ್ಟೆಂಬರಿನಿಂದ ಸುಮಾರು ಆರು ವಾರ ಸೇನೆ ಮುತ್ತಿಗೆ ಹಾಕಿತು, ಫೋನ್ ಕತ್ತರಿಸಿತು, ಯುರೋಪಿನ ಹಲವು ದೇಶಗಳ ಕಾನ್ಸಲ್‌ಗಳನ್ನು ಹೊರಗೇ ತಡೆಯಿತು. ಫ್ರಿಜ್ಜು, ಟಿವಿ, ಕಾರ್ಖಾನೆಯ ಯಂತ್ರಗಳು, ಔಷಧಿ ಅಂಗಡಿಯ ಸರಕು ಎಲ್ಲವೂ ಲಾರಿ ಹತ್ತಿದವು. ಸೊತ್ತು ಹಿಂದಿರುಗಿಸಬೇಕೆಂಬ ನಿರ್ಣಯಕ್ಕೆ ನವೆಂಬರ್ 7ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ 14 ಮತ ಬಿತ್ತು. ಅಮೆರಿಕ ವೀಟೋ ಹಾಕಿತು.

ಮುಂದಿನ ಊರು ಬಿಲಈನ್‌ಗೆ ರಾಮಲ್ಲಾ ಮೂಲಕ ಹೋಗಬೇಕು. ಇಲ್ಲಿಂದ ರಾಮಲ್ಲಾಗೆ ಯೆರೂಸಲೇಮ್ ಮೂಲಕ ಹೋದರೆ ಹತ್ತಿರ. ಆದರೆ ಪಶ್ಚಿಮ ದಂಡೆಯ ಗುರುತಿನ ಚೀಟಿಯವರಿಗೆ ಪರವಾನಗಿಯಿಲ್ಲದೆ ಆ ದಾರಿಯಿಲ್ಲ. ಸೀಟು ತುಂಬಿದ ಮೇಲೆ ಹೊರಡುವ 'ಸರ್ವೀಸ್' ಟ್ಯಾಕ್ಸಿ ವಾದಿ ಅಲ್ ನಾರ್, ಅಂದರೆ ಬೆಂಕಿ ಕಣಿವೆಯ ಕಡಿದಾದ ತಿರುವುಗಳಲ್ಲಿ ಸುತ್ತಿ ಹೋಗುತ್ತದೆ. ನಡುವಿನ 'ಕಂಟೇನರ್' ತಪಾಸಣಾ ಠಾಣೆ ಮುಚ್ಚಿದರೆ ದಕ್ಷಿಣ ಮತ್ತು ಉತ್ತರದ ಕೊಂಡಿಯೇ ಕಳಚಿದಂತೆ. ಹಾಗಾಗಿ ಹೊತ್ತಿನ ಲೆಕ್ಕ ಹಾಕಿ ಫಲವಿಲ್ಲ.

ರಾಮಲ್ಲಾದಿಂದ ಪಶ್ಚಿಮಕ್ಕೆ ಸುಮಾರು 12 ಕಿಲೋಮೀಟರ್ ದೂರದಲ್ಲಿ ಬಿಲಈನ್. ಪಶ್ಚಿಮ ದಂಡೆಯಲ್ಲಿ ಇಸ್ರೇಲ್ ಕಟ್ಟಿದ ತಡೆಬೇಲಿ ಊರಿನ ಅರ್ಧಕ್ಕಿಂತ ಹೆಚ್ಚು ಜಮೀನನ್ನು ಆಚೆಗೆ ಬಿಟ್ಟಿತ್ತು. ಇಲ್ಲಿ ಅಳತೆ ದೂನಂ: 1,000 ಚದರ ಮೀಟರ್, ನಮ್ಮ ಹತ್ತು ಗುಂಟೆಗೆ ತುಸು ಕಡಿಮೆ. 2005ರಿಂದ ಪ್ರತಿ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಜನ ಬೇಲಿಯತ್ತ ನಡೆದರು. ಜೊತೆಗೆ ಇಸ್ರೇಲಿ, ವಿದೇಶಿ ಬೆಂಬಲಿಗರು. ಸೈನಿಕರು ಅಶ್ರುವಾಯು ಕ್ಯಾನಿಸ್ಟರನ್ನು ಮೇಲಕ್ಕೆ ಹಾರಿಸದೆ ನೇರ ಗುರಿಯಿಟ್ಟರೆ ಅದೇ ಗುಂಡು. 2009ರ ಏಪ್ರಿಲ್ 17ರಂದು ಊರಿನವರೇ ಆದ ಬಾಸೆಮ್ ಅಬು ರಹ್ಮೆ ಎದೆಗೆ ಅದು ತಗುಲಿ ಸತ್ತರು.

ಬೇಲಿಯ ದಾರಿ ಬದಲಿಸಿ ಎಂದು ಇಸ್ರೇಲಿನ ಸುಪ್ರೀಂ ಕೋರ್ಟ್ ಹೇಳಿದ್ದು 2007ರ ಸೆಪ್ಟೆಂಬರ್ 4ರಂದು. ಬೇಲಿ ಕಿತ್ತದ್ದು 2011ರ ಜೂನಿನಲ್ಲಿ. ತೀರ್ಪಿನ ಮರುದಿನವೇ ಅದೇ ಕೋರ್ಟು ಊರಿನ ಜಮೀನಿನಲ್ಲಿ ಎದ್ದಿದ್ದ ಇಸ್ರೇಲಿ ವಸಾಹತಿನ ಮತ್ತಿತ್ಯಾಹು ಪೂರ್ವ ಬಡಾವಣೆಗೆ ಸಮ್ಮತಿ ಕೊಟ್ಟಿತ್ತು. ಹೊಸ ಕಾಂಕ್ರೀಟ್ ಗೋಡೆಯ ಆಚೆ ಕಾಣುವ ಮನೆಗಳು ಅವೇ.